ಗೊನೆಗೆ ಹೊಲಿಸಿದ ಲಂಗ

ಫೆಬ್ರವರಿ 6, 2018, ಮಂಗಳವಾರ

ಈ ಡೈರಿಯನ್ನು ಹೊಸ ವರ್ಷಕ್ಕೆಂದು ಸೊಸೈಟಿಯವರು ಇವರಿಗೆ, ನನ್ನ ಗಂಡನಿಗೆ, ಕೊಟ್ಟದ್ದು. ಜನವರಿಯ ಹಾಳೆಗಳೆಲ್ಲ ಖಾಲಿ. ಇವರು ಸಂಕ್ರಾಂತಿಗೆ ಮೂರು ದಿನ ಮೊದಲು ಬೈಕ್ ಸಮೇತ ಕಾಲುವೆಯ ಕಿರುಸೇತುವೆಯಿಂದ ಕೆಳಗೆ ಬಿದ್ದು ಕಾಲು ಮುರಿದುಕೊಂಡರು. ಡೈರಿ ಬರೆಯುವುದಿರಲಿ, ಮಗ್ಗಲು ಬದಲಿಸುವುದಕ್ಕೂ ನನ್ನನ್ನು ಕೂಗುತ್ತಾರೆ. ನಾನು ಸುರಪುರದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು, ಬರೆಯುವುದು ಇನ್ನೂ ಮರೆತಿಲ್ಲ. ಇವತ್ತು ನಡೆದದ್ದನ್ನು ಯಾರಿಗೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ, ಹೇಳಿದರೆ ಮನೆ ಒಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಭಾವ ಲಿಂಗಣ್ಣನವರು ಬಂದು ಪಡಸಾಲೆಯಲ್ಲಿ ಕೂತರು. ಇವರ ಅಣ್ಣ, ಮನೆಗೆ ಹಿರಿಯರು. ನಾನು ಎಂದಿನಂತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ನಿಂತೆ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ, ಮಾತಾಡುವುದಿಲ್ಲ. ಮದುವೆಯಾಗಿ ಹದಿನೆಂಟು ವರ್ಷ, ಅವರೊಂದಿಗೆ ಒಂದು ಮಾತನ್ನೂ ನೇರವಾಗಿ ಆಡಿಲ್ಲ. ಹೇಳುವುದಿದ್ದರೆ ಇವರ ಬಾಯಿಂದ ಹೇಳಿಸಬೇಕು, ಇಲ್ಲವೇ ಗೋಡೆಗೆ ಹೇಳಬೇಕು. ಗೋಡೆಗೆ ಹೇಳಿದ್ದು ಅವರಿಗೆ ಚೆನ್ನಾಗಿ ಕೇಳಿಸುತ್ತದೆ.

ಮಾತು ಬಾಳೆಯದೇ. ಕಾಲುವೆ ಬಂದಾಗಿನಿಂದ ನಮ್ಮ ಕಡೆ ಎಲ್ಲರದೂ ಭತ್ತ. ನಾನೇ ಇವರ ಬೆನ್ನು ಹತ್ತಿ ಕಾಲುವೆ ಪಕ್ಕದ ಒಂದೆಕರೆಯಲ್ಲಿ ಬಾಳೆ ಹಚ್ಚಿಸಿದೆ. ಹೋದ ವರ್ಷದ ಗೊನೆಗಳ ಮೇಲೆ ಹುಳ ಕೆರೆದ ಗೀರು, ಬಿಸಿಲಿಗೆ ಸುಟ್ಟ ಕಲೆ. ಶಹಾಪುರದ ವ್ಯಾಪಾರಿ ಭಗವಂತರಾಯರು ನೋಡಿ, ಹಳಸಿದ ಸಾರು ಮೂಸಿದವರಂತೆ ಮುಖ ಮಾಡಿ, ಮೂರನೇ ನಂಬರ್ ಅಂದರು. ಅದು ಭಾವನ ಹೊಟ್ಟೆಯಲ್ಲಿ ಇನ್ನೂ ಕುದಿಯುತ್ತಿದೆ.

“ಈ ಸಲ ಭಗವಂತರಾಯ ಫಸ್ಟ್ ನಂಬರ್ ಅಂತ ಹೈದರಾಬಾದಿಗೆ ಒಯ್ದ್ರ ಬಾಳಿ ಇರ್ಲಿ,” ಅಂದರು. “ಇಲ್ಲಂದ್ರ ಜೂನದಾಗ ಟ್ರ್ಯಾಕ್ಟರ್ ಹೊಡಿಸಿ ಭತ್ತದ ಗದ್ದಿ ಮಾಡತೀನಿ. ಮುಗೀತು.”

ಇವರು ಹೂಂ ಅಂದರು. ಮೂಳೆ ಮುರಿದವರು ಎಲ್ಲಕ್ಕೂ ಹೂಂ ಅನ್ನುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಹದಿನಾರು ವರ್ಷ ಆ ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತು ನಾಟಿ ಮಾಡಿದ್ದೇನೆ. ಕಾಲ್ಬೆರಳ ಸಂದಿ ಕೊಳೆತು, ಸೊಂಟ ಹಿಡಿದು, ಸಂಜೆ ನೆಟ್ಟಗಾಗಲು ಗೋಡೆ ಹಿಡಿಯುತ್ತಿದ್ದೆ. ಬಾಳೆಯಲ್ಲಿ ತಲೆಯೆತ್ತಿ ನಿಂತು ಕೆಲಸ ಮಾಡುತ್ತೇನೆ. ಆ ಒಂದೆಕರೆ ಹೋದರೆ ನಾನು ಮತ್ತೆ ಬಗ್ಗಬೇಕು. ನನಗೆ ಬಗ್ಗುವುದು ಬೇಡವಾಗಿದೆ.

ಫೆಬ್ರವರಿ 8, ಗುರುವಾರ

ಬೀಳುವ ಮುಂಚೆ ಇವರು ಸೊಲ್ಲಾಪುರದಿಂದ ಒಂದು ದೊಡ್ಡ ಕಟ್ಟು ತಂದಿಟ್ಟಿದ್ದರು. ಆ ಕಡೆ ಬಾಳೆಗೊನೆಗಳಿಗೆ ಬಿಳಿ ಹೊದಿಕೆ ಹಾಕಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದರಂತೆ. ಹುಳ ಬರುವುದಿಲ್ಲ, ಬಿಸಿಲು ತಾಗುವುದಿಲ್ಲ ಎಂದು ಪಕ್ಕದ ಸೀಟಿನವನು ಹೇಳಿದನಂತೆ. ಹಾಕುವುದು ಹೇಗೆ ಎಂದು ಕೇಳಿದೆ. ಬಸ್ಸು ಜೋರಾಗಿ ಹೋಗುತ್ತಿತ್ತು ಅಂದರು. ಗಂಡಸರ ಜ್ಞಾನವೆಲ್ಲ ಹೀಗೆ ಕಿಟಕಿಯಿಂದ ಕಂಡದ್ದೇ.

ಇವತ್ತು ಕಟ್ಟು ಬಿಚ್ಚಿದೆ. ಸೀರೆ ಅಂಗಡಿಯವರು ಕೊಡುವ ಕೈಚೀಲದಂಥ ತೆಳ್ಳನೆಯ ಬಟ್ಟೆ, ಉದ್ದನೆಯ ಕೊಳವೆ. ನೋಡಿದರೆ ಮೇಲೂ ಬಾಯಿ, ಕೆಳಗೂ ಬಾಯಿ! ತಳವೇ ಇಲ್ಲ. ಸೊಲ್ಲಾಪುರದವರು ಇವರಿಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಎಂದುಕೊಂಡೆ. ಹತ್ತಿಯಾಗಲಿ, ಭತ್ತವಾಗಲಿ, ತೊಗರಿಯಾಗಲಿ, ಚೀಲ ತುಂಬಿ ಬಾಯಿ ಬಿಗಿದು ಹೊಲಿದ ಮೇಲೇ ಅದು ಮಾಲು. ತಳವಿಲ್ಲದ್ದನ್ನು ಏನೆನ್ನಬೇಕು?

ಮೊದಲು ಗೊನೆ ಬಿಟ್ಟ ಗಿಡಗಳಿಗೆಂದು ಅರವತ್ತನ್ನು ಎಣಿಸಿಕೊಂಡು ಹಜರಾಬೀಯ ಮನೆಗೆ ಹೋದೆ. ಊರಿನ ಹೆಂಗಸರ ಕುಪ್ಪಸ, ಲಂಗ ಹೊಲಿಯುವವಳು ಅವಳೇ. ಗಂಡ ಕಡೇಚೂರಿನ ಕಾರ್ಖಾನೆಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಇಷ್ಟು ದೊಡ್ಡ ದಿಂಬು ಯಾರಿಗೆ ಎಂದು ಕೇಳಿದಳು. ಬಾಳೆಗೆ ಅಂದೆ. ನಕ್ಕಳು, ಆದರೂ ಸಂಜೆಯೊಳಗೆ ಅರವತ್ತಕ್ಕೂ ತಳ ಹೊಲಿದು ಕೊಟ್ಟಳು. ಎರಡು ಹೊಲಿಗೆ, ಗಟ್ಟಿ. ಇವರಿಗೆ ತೋರಿಸಿದೆ. ಭೇಷ್ ಅಂದರು.

ಫೆಬ್ರವರಿ 14, ಬುಧವಾರ

ನಿನ್ನೆ ಶಿವರಾತ್ರಿಯ ಉಪವಾಸ, ಇವತ್ತು ಏಣಿಯ ಮೇಲೆ ಕಾಲು ನಡುಗುತ್ತಿದ್ದವು. ಅರವತ್ತು ಗೊನೆಗೂ ಹೊದಿಕೆ ಹಾಕಿ ಮುಗಿಸಿದೆ. ಮೇಲೆ ಗೊನೆಯ ದಿಂಡಿಗೆ ಸೆಣಬಿನ ಸುತಳಿ ಬಿಗಿದು ಕಟ್ಟಿದೆ. ಕೆಳಗಿನ ತಳವಂತೂ ಹಜರಾಬೀ ಹೊಲಿದದ್ದು, ಇರುವೆಗೂ ದಾರಿಯಿಲ್ಲ.

ಸಂಜೆ ಭಾವ ಪಡಸಾಲೆಯಲ್ಲಿ ಇವರಿಗೆ ಹೇಳುತ್ತಿದ್ದರು: ನಿನ್ನ ಹೆಂಡತಿಯ ಹೊಲ ನೋಡಿದರೆ ಬಿಳಿ ಸೀರೆಯುಟ್ಟ ಮುದುಕಿಯರು ಸಾಲಾಗಿ ನಿಂತಂತಿದೆ, ಎತ್ತು ಬೆದರುತ್ತವೆ. ನಾನು ಬಾಗಿಲ ಮರೆಯಿಂದ ಗೋಡೆಗೆ ಹೇಳಿದೆ, ಎತ್ತುಗಳು ಬೆದರಲಿಲ್ಲ, ಬೆದರಿದವರು ಬೇರೆ. ಸಣ್ಣಗೆ ಹೇಳಿದೆ. ಗೋಡೆಗೂ ಕೇಳಿಸಿರಲಿಕ್ಕಿಲ್ಲ.

ಮಾರ್ಚ್ 2, ಶುಕ್ರವಾರ

ಮೂರನೆಯ ಸಾಲಿನಲ್ಲಿ ಒಂದು ಹೊದಿಕೆಯ ತಳ ಕಪ್ಪಗೆ ಜೋತುಬಿದ್ದಿತ್ತು. ಬಿಚ್ಚಿದೆ. ಹೂವಿನ ಕೆಂಪು ಪಕಳೆಗಳೆಲ್ಲ ಉದುರಿ ತಳದಲ್ಲಿ ತುಂಬಿ, ಇಬ್ಬನಿ ನೀರಿಗೆ ಕೊಳೆತು ಗೊಬ್ಬರವಾಗಿದ್ದವು. ಕೆಳಗಿನ ಚಿಪ್ಪಿನ ಕಾಯಿಗಳ ತುದಿಯೆಲ್ಲ ಕಪ್ಪು. ಅರವತ್ತೂ ಬಿಚ್ಚಿದೆ. ತೀರಾ ಕೆಟ್ಟಿದ್ದ ಇಪ್ಪತ್ತೊಂಬತ್ತು ಗೊನೆ ಕಡಿದು ಎಮ್ಮೆಗೆ ಹಾಕಿದೆ.

ಊಟ ಮಾಡಲಿಲ್ಲ. ಬರೆಯಲಾರೆ.

ಮಾರ್ಚ್ 3, ಶನಿವಾರ

ಸುದ್ದಿ ಊರಲ್ಲಿ ಹಬ್ಬಿದೆ. ಬೆಳಗಾಗುವಷ್ಟರಲ್ಲಿ ಭಾವ ಬಂದು, ಜೂನ್‌ವರೆಗೆ ಯಾಕೆ, ಯುಗಾದಿ ಮರುದಿನವೇ ಟ್ರ್ಯಾಕ್ಟರ್ ತರಿಸುತ್ತೇನೆ ಅಂದರು. ಇವರು ಎಂದಿನಂತೆ ಬಾಯಿ ತೆರೆದರು. “ಹೂಂ ಅನಬ್ಯಾಡ್ರಿ,” ಅಂದೆ ನಾನು ಒಳಗಿನಿಂದ. ಇವರು ತೆರೆದ ಬಾಯಿ ಮುಚ್ಚಿಕೊಂಡರು. ಜೂನ್ ಅಂದ ಮೇಲೆ ಜೂನ್, ಮಾತು ಮಾತೇ ಎಂದು ಗೋಡೆಗೆ ಹೇಳಿದೆ, ಈ ಸಲ ಗೋಡೆಗೆ ಚೆನ್ನಾಗಿ ಕೇಳಿಸುವಂತೆ. ಭಾವ ಚಹಾ ಅರ್ಧಕ್ಕೆ ಬಿಟ್ಟು ಹೋದರು.

ಹತ್ತು ಗಂಟೆಗೆ ಹಜರಾಬೀ ತಾನಾಗಿಯೇ ಹೊಲಕ್ಕೆ ಬಂದಳು. ತನ್ನ ಹೊಲಿಗೆಯಿಂದ ಕೆಟ್ಟಿತಲ್ಲ ಎಂದು ರಾತ್ರಿಯಿಡೀ ನಿದ್ದೆ ಹತ್ತಿಲ್ಲವಂತೆ. ತಪ್ಪು ನನ್ನದು, ತಳ ಹೊಲಿ ಅಂದವಳು ನಾನು ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹೊಲಿಯದ ಒಂದು ಹೊದಿಕೆ ಎತ್ತಿಕೊಂಡು, ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಜೋತುಬಿಟ್ಟಳು. ತಲೆ ಓರೆ ಮಾಡಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಕಲ್ಯಾಣಕ್ಕ, ನಾವು ಇದಕ್ಕ ಚೀಲ ಅಂತ ತಿಳಕೊಂಡು ಕೆಟ್ಟೀವಿ. ಇದು ಚೀಲ ಅಲ್ರಿ, ಲಂಗ. ನಡುವಿಗಿ ಲಾಡಿ ಬಿಗೀಬೇಕು, ಕೆಳಗ ಬಿಟ್ಟುಬಿಡಬೇಕು. ಲಂಗದ ಕೆಳಗಿನ ಬಾಯಿ ಹೊಲದ್ರ ಹೆಣ್ಮಗಳು ನಡಿಯೋದು ಹ್ಯಾಂಗ?”

ನಾನು ಬದುವಿನ ಮೇಲೆ ಕೂತುಬಿಟ್ಟೆ. ನಗು ಬಂತು, ಅಳು ಬಂತು, ಯಾವುದು ಮೊದಲೆಂದು ತಿಳಿಯಲಿಲ್ಲ. ಕೆಳಗೆ ಬಾಯಿ ಬಿಟ್ಟರೆ ಪಕಳೆ ನೆಲಕ್ಕೆ ಉದುರುತ್ತವೆ, ನೀರು ಇಳಿಯುತ್ತದೆ, ಗಾಳಿಯಾಡುತ್ತದೆ. ಸೊಲ್ಲಾಪುರದವರು ಟೋಪಿ ಹಾಕಿರಲಿಲ್ಲ. ಹದಿನೈದು ವರ್ಷದಿಂದ ಊರಿನ ಹೆಂಗಸರಿಗೆಲ್ಲ ಲಂಗ ಹೊಲಿಯುತ್ತಿರುವವಳಿಗೂ, ದಿನವೂ ಲಂಗ ಉಡುವ ನನಗೂ ಇಷ್ಟು ಹೊಳೆಯಲು ಇಪ್ಪತ್ತೊಂಬತ್ತು ಗೊನೆ ಎಮ್ಮೆಯ ಹೊಟ್ಟೆಗೆ ಹೋಗಬೇಕಾಯಿತು.

ಮಾರ್ಚ್ 9, ಶುಕ್ರವಾರ

ಆರು ದಿನದಿಂದ ಬರೆಯಲು ಪುರುಸೊತ್ತಿಲ್ಲ. ಹಜರಾಬೀ ಪ್ರತಿ ಹೊದಿಕೆಯ ಮೇಲಂಚು ಮಡಚಿ ಲಾಡಿ ಪೋಣಿಸುತ್ತಾಳೆ. ಎಳೆದರೆ ಬಿಗಿಯಾಗುತ್ತದೆ, ಇನ್ನೊಂದು ತುದಿ ಎಳೆದರೆ ಬಿಚ್ಚುತ್ತದೆ. ಹೊಲಿಗೆ ಯಂತ್ರವನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಬೇವಿನ ನೆರಳಲ್ಲಿಟ್ಟಿದ್ದಾಳೆ. ನಾನೂ ಕೂಲಿಯ ಮೋನಮ್ಮನೂ ಏಣಿ ಹಿಡಿಯುತ್ತೇವೆ.

ಈಗ ಕೆಲಸಕ್ಕೊಂದು ಕ್ರಮ ಬಂದಿದೆ. ಕೊನೆಯ ಚಿಪ್ಪು ಬಿಟ್ಟ ಮೇಲೆ ತುದಿಯ ಹೂವನ್ನು ಮುರಿಯಬೇಕು. ಕಾಯಿಯ ತುದಿಗೆ ಅಂಟಿದ ಒಣ ಹೂಗಳನ್ನು ಕೈಯಿಂದ ಸವರಿ ಉದುರಿಸಬೇಕು. ಎರಡು ದಿನ ಗಾಯ ಒಣಗಬೇಕು. ಆಮೇಲೆ ಕೆಳಗಿನಿಂದ ಲಂಗ ತೊಡಿಸಿ, ಮೊದಲ ಚಿಪ್ಪಿಗಿಂತ ಗೇಣು ಮೇಲೆ ಲಾಡಿ ಬಿಗಿಯಬೇಕು. ಕೆಳಗೆ ಕೊನೆಯ ಚಿಪ್ಪು ದಾಟಿ ಗೇಣುದ್ದ ಇಳಿಬಿಡಬೇಕು, ಇಲ್ಲವಾದರೆ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಮೋನಮ್ಮ ಒಂದನ್ನು ಗಿಡ್ಡ ಮಾಡಿ ಕಟ್ಟಿದ್ದಳು. ಶಾಲೆಗೆ ಹೋಗುವ ಹುಡುಗಿಯ ಲಂಗದಂತಾಗಿದೆ, ಬಿಚ್ಚು ಅಂದೆ.

ಊರಲ್ಲಿ ಈಗ ಇದೇ ಮಾತು. ಕಲ್ಯಾಣಮ್ಮನ ಬಾಳೆ ಲಂಗ ಉಟ್ಟಿವೆ, ಸೀರೆ ಯಾವಾಗ ಎಂದು ನೀರಿನ ಟಾಕಿಯ ಹತ್ತಿರ ಹೆಂಗಸರು ಕೇಳಿದರು. ಫಸ್ಟ್ ನಂಬರ್ ಬಂದ ದಿನ ಅಂದೆ.

ಮಾರ್ಚ್ 19, ಸೋಮವಾರ

ನಿನ್ನೆ ಯುಗಾದಿ. ಹೋಳಿಗೆ ಹೇಗೋ ಮಾಡಿ ಮುಗಿಸಿದೆ, ಅಷ್ಟೇ. ಸಾವಿರದ ನೂರ ಎಪ್ಪತ್ತೊಂದು ಗೊನೆಗೂ ಲಂಗ ತೊಡಿಸಿ ಆಯಿತು. ಕೈಗೆಲ್ಲ ಬಾಳೆಯ ಕರೆ ಹತ್ತಿದೆ. ಇವರು ಕೋಲು ಹಿಡಿದು ಅಂಗಳದವರೆಗೆ ನಡೆದರು.

ಏಪ್ರಿಲ್ 4, ಬುಧವಾರ

ಕಾಲುವೆಗೆ ಇನ್ನು ಆರು ದಿನ ನೀರು, ಆಮೇಲೆ ಜುಲೈವರೆಗೆ ಇಲ್ಲ, ಬೋರಿನ ಪಂಪು ಎತ್ತುವ ಸಣ್ಣ ನೀರೇ ಗತಿ. ವಾರಬಂದಿಯ, ಅಂದರೆ ಕಾಲುವೆ ನೀರಿನ ಪಾಳಿಯ, ಪ್ರಕಾರ ಇವತ್ತು ನಮ್ಮ ಕುಟುಂಬದ ಸರದಿ, ಹಗಲು ಬಾಳೆಗೆ, ಆರರ ಮೇಲೆ ಭತ್ತಕ್ಕೆ. ಮಧ್ಯಾಹ್ನ ಹೊಲಕ್ಕೆ ಹೋದರೆ ಕಾಲುವೆಯಿಂದ ನೀರು ತರುವ ಹರಿಯಲ್ಲಿ ಹನಿಯೂ ಇಲ್ಲ. ನಲವತ್ತೆರಡು ಡಿಗ್ರಿ ಬಿಸಿಲು. ಕಾಯಿ ತುಂಬುವ ಹೊತ್ತಿನಲ್ಲಿ ನೀರು ತಪ್ಪಿದರೆ ಲಂಗದೊಳಗೆ ಸೊರಗಿದ ಸಣ್ಣ ಕಾಯಿ ಉಳಿಯುತ್ತವೆ, ಅಷ್ಟೇ.

ಹರಿಯ ಗುಂಟ ನಡೆದೆ. ತೂಬಿನ ಹತ್ತಿರ ಭಾವ ಸಲಿಕೆ ಹಿಡಿದು ನಿಂತಿದ್ದರು. ನೀರೆಲ್ಲ ಭತ್ತದ ಕಡೆ ತಿರುಗಿತ್ತು. ಹೇಳಿಸಲು ಇವರಿರಲಿಲ್ಲ. ಹೊಲದಲ್ಲಿ ಗೋಡೆಯೂ ಇರಲಿಲ್ಲ.

“ಭಾವನೋರ, ಈ ಸರದಿ ಬಾಳಿದು. ಆರರ ತನಕ ನೀರು ನನ್ನ ಕಡಿ ಹರೀಬೇಕು. ಆಮ್ಯಾಲ ನೀವು ತಿರುವಿಕೊಳ್ರಿ.”

ಸಲಿಕೆ ಕೊಡಿ ಎಂದು ಕೈ ಚಾಚಿದೆ. ಕೊಟ್ಟರು. ನಾನೇ ಮಣ್ಣು ಎಳೆದು ಆ ಕಡೆ ಕಟ್ಟಿ ಈ ಕಡೆ ಒಡೆದೆ. ನೀರು ಚೆನ್ನಾಗಿ ಬಂತು, ಆರರೊಳಗೆ ಕೊನೆಯ ಸಾಲೂ ತೊಯ್ದಿತು. ಕೆಸರಿನಲ್ಲಿ ಒಂದು ಚಪ್ಪಲಿ ಹೂತುಹೋಯಿತು, ಹುಡುಕಿದರೂ ಸಿಗಲಿಲ್ಲ. ಹೊಸದೇ ಇತ್ತು, ಬೇಜಾರಾಯಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ನನ್ನನ್ನೇ ನೋಡಿದರು. ಜ್ವರ ಬಂದಿರಬೇಕು ಎಂದು ಹಣೆ ಮುಟ್ಟಿ ನೋಡಿದೆ. ಇರಲಿಲ್ಲ.

ಏಪ್ರಿಲ್ 17, ಮಂಗಳವಾರ

ನಿನ್ನೆ ಸಂಜೆ ಕೃಷ್ಣಾ ನದಿಯ ಕಡೆಯಿಂದ ಕೆಂಪು ಧೂಳೆದ್ದು ಗಾಳಿ ಬಂತು. ನಾಲ್ಕು ಹನಿ ಮಳೆ, ಮಿಕ್ಕದ್ದೆಲ್ಲ ಗಾಳಿ. ತಿಂಥಣಿಯ ಮೌನೇಶ್ವರನಿಗೆ ಕಾಯಿ ಹರಕೆ ಹೊತ್ತೆ.

ಬೆಳಿಗ್ಗೆ ಓಡಿದೆ. ಹನ್ನೊಂದು ಗಿಡ ಬಿದ್ದಿದ್ದವು. ಎಲೆಗಳು ಚಿಂದಿಯಾಗಿ ಗೊನೆಗಳಿಗೆ ರಪರಪ ಬಡಿಯುತ್ತಿದ್ದವು. ಹೋದ ವರ್ಷ ಹೀಗೆ ಬಡಿದೇ ಕಾಯಿಯೆಲ್ಲ ಗೀರಾಗಿತ್ತು. ಈ ಸಲ ಬಡಿತವೆಲ್ಲ ಲಂಗದ ಮೇಲೆ. ಒಂದು ಲಾಡಿಯೂ ಬಿಚ್ಚಿರಲಿಲ್ಲ. ಹಜರಾಬೀಯ ಗಂಟಿಗೆ ಕೈ ಮುಗಿದೆ.

ಪಂಪಿನ ಮನೆಯ ಹಿಂದೆ ಬಂದಾಗ ಭಾವ ಕಂಡರು. ಆ ಕಡೆ ಈ ಕಡೆ ನೋಡಿ, ಒಂದು ಗೊನೆಯ ಲಂಗದ ಅಂಚನ್ನು ಎತ್ತಿ ಇಣುಕುತ್ತಿದ್ದರು. ಆಮೇಲೆ ಇನ್ನೊಂದು. ಈ ವಯಸ್ಸಿನಲ್ಲಿ ಇದು ಹಿರಿಯರಿಗೆ ಶೋಭೆಯೇ? ಬರೆದುಬಿಟ್ಟೆ, ಯಾರು ಓದುತ್ತಾರೆ. ನಾನು ಕೆಮ್ಮಿದೆ. ಗಾಳಿ ಬಹಳ ಆಯಿತಲ್ಲ ಎಂದು ಅವರು ಬಾಳೆಗೆ ಹೇಳಿ ಹೊರಟುಹೋದರು.

ಮೇ 17, ಗುರುವಾರ

ಎಲೆಕ್ಷನ್ ಗಲಾಟೆ ಮುಗಿದ ಮೇಲೆ ಭಗವಂತರಾಯರು ಇವತ್ತು ಬಂದರು. ಭಾವ ಅವರ ಜೊತೆ ಬಂದರು. ಇವರು ಕೋಲೂರಿಕೊಂಡು ಬದುವಿನವರೆಗೆ ಬಂದು ಬೇವಿನ ಬುಡದಲ್ಲಿ ಕೂತರು. ಹಜರಾಬೀಗೆ ಇವತ್ತೇ ರಂಜಾನಿನ ರೋಜಾ ಶುರು, ಆದರೂ ಬಂದಿದ್ದಳು.

ಭಗವಂತರಾಯರು ಹೊಲ ನೋಡಿದವರೇ ನಿಂತುಬಿಟ್ಟರು. ಮುಚ್ಚಿದ ಮಾಲನ್ನು ನಾನು ನಂಬುವುದಿಲ್ಲ, ಮುಚ್ಚಿದ್ದಾರೆಂದರೆ ಮುಚ್ಚಬೇಕಾದ್ದು ಏನೋ ಇದೆ ಅಂದರು. ಯಾವುದು ಬೇಕೋ ಅದನ್ನು ಬಿಚ್ಚಿಸಿ ನೋಡಿ ಅಂದೆ. ಅವರು ಕೈ ಎತ್ತುವಷ್ಟರಲ್ಲಿ ಭಾವ ಮುಂದಾದರು. ನೇರವಾಗಿ ಪಡುವಣ ಅಂಚಿನ ಸಾಲಿಗೆ ಹೋಗಿ, ಕೊನೆಯ ಗಿಡದ ಮುಂದೆ ನಿಂತು, ಇದು ಅಂದರು. ಹೊತ್ತು ಮುಳುಗುವವರೆಗೆ ಇಳಿಬಿಸಿಲು ಬೀಳುವ ಗಿಡ ಅದು. ಹೋದ ವರ್ಷ ಅದೇ ಬುಡದ ತಾಯಿಗಿಡದ ಗೊನೆಯ ಒಂದು ಮಗ್ಗುಲು ಪೂರಾ ಸುಟ್ಟಿತ್ತು. ಅದು ಅವರಿಗೆ ಗೊತ್ತು, ನನಗೂ ಗೊತ್ತು.

ಹಜರಾಬೀ ಏಣಿ ಹತ್ತಿ ಲಾಡಿ ಎಳೆದಳು. ಲಂಗ ಸರ್ರನೆ ಕೆಳಗಿಳಿಯಿತು.

ಒಂದು ಗೀರಿಲ್ಲ. ಒಂದು ಕಲೆಯಿಲ್ಲ. ಹತ್ತು ಚಿಪ್ಪು, ಬೆರಳಿಗೆ ಬೆರಳು ಸಮ, ಮೇಲಿನಿಂದ ಕೆಳಗಿನವರೆಗೆ ಒಂದೇ ತಿಳಿ ಹಸಿರು. ಆಗಷ್ಟೇ ಎಣ್ಣೆ ಹಚ್ಚಿ ಎರೆದ ಕೂಸಿನ ಮೈಯಂತೆ ಮಿರಮಿರ ಮಿನುಗುತ್ತಿತ್ತು. ನಾನು ಹಾಕಿದ್ದೇ, ನಾನು ನೀರು ಬಿಟ್ಟದ್ದೇ, ಆದರೂ ಇಷ್ಟು ಚೆಂದದ ಗೊನೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಭಗವಂತರಾಯರು ಹೆಬ್ಬೆರಳಿಗೆ ಉಗುಳು ಹಚ್ಚಿ ಕಾಯಿ ಉಜ್ಜಿದರು. ಬಣ್ಣ ಬಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಅಲ್ಲಿಂದ ನಡುವಿನ ಸಾಲು, ಮೂಡಣ ಸಾಲು, ಹೀಗೆ ಹನ್ನೆರಡು ಬಿಚ್ಚಿಸಿದರು. ಹನ್ನೆರಡೂ ಹಾಗೇ. ಮೊಬೈಲಿನಲ್ಲಿ ಹೈದರಾಬಾದಿನ ಸೇಠನಿಗೆ ಗೊನೆ ತೋರಿಸಿ ಉರ್ದುವಿನಲ್ಲಿ ಏನೇನೋ ಹೇಳಿದರು. ಹಜರಾಬೀ ನನ್ನ ಕೈ ಹಿಸುಕಿ ಕಿವಿಯಲ್ಲಿ ಹೇಳಿದಳು, ಯಾದಗಿರಿ ಜಿಲ್ಲೆಯಲ್ಲಿ ಇಂಥ ಮಾಲು ನೋಡಿಲ್ಲ ಅಂತಿದ್ದಾರೆ.

ಮಾರ್ಚ್‌ನಲ್ಲಿ ತುದಿ ಕಪ್ಪಾದರೂ ಕಡಿಯದೆ ಬಿಟ್ಟಿದ್ದ ಮೂವತ್ತೊಂದು ಗೊನೆಗಳನ್ನು ನಾನೇ ತೋರಿಸಿದೆ, ಇವು ಎರಡನೇ ನಂಬರ್, ಇವನ್ನು ಅದರಲ್ಲಿ ಸೇರಿಸಬೇಡಿ ಅಂದೆ. ಅವರು ನನ್ನನ್ನೊಮ್ಮೆ ನೋಡಿ ಭಾವನ ಕಡೆ ತಿರುಗಿದರು.

“ಲಿಂಗಣ್ಣ, ಅವು ಬಿಟ್ಟು ಉಳಿದದ್ದೆಲ್ಲಾ ಫಸ್ಟ್. ಭಾನುವಾರ ಲಾರಿ ತರತೀನಿ. ಮುಂದಿನ ಬೆಳಿನೂ ನನಗ ಬಿಟ್ಟು ಬ್ಯಾರೆಯವರಿಗಿ ಕೊಡಂಗಿಲ್ಲ, ಈಗ ಹೇಳೇನಿ.”

ಭಾವ ಗೊನೆಯ ಮೇಲೆ ಕೈಯಾಡಿಸಿ, ಅದನ್ನ ಅಕಿಗಿ ಕೇಳ್ರಿ ಅಂದರು.

ಬೇವಿನ ಬುಡದಲ್ಲಿ ಇವರು ಕಣ್ಣೊರೆಸಿಕೊಳ್ಳುತ್ತಿದ್ದರು. ಧೂಳು ಅಂದರು. ಎಲ್ಲಿತ್ತು ಧೂಳು? ನಾನು ನಗುತ್ತಲೇ ಇದ್ದೆ. ಮನೆಗೆ ಬಂದ ಮೇಲೂ, ರೊಟ್ಟಿ ಬಡಿಯುವಾಗಲೂ ನಗುತ್ತಲೇ ಇದ್ದೆ. ಒಂದೆಕರೆ ನನ್ನದಾಯಿತು. ಸಂತೋಷವೆಂದರೆ ಇಷ್ಟು ಜೋರಾಗಿರುತ್ತದೆಂದು ತಿಳಿದಿರಲಿಲ್ಲ.

ಮೇ 20, ಭಾನುವಾರ

ಲಾರಿ ಬಂತು. ಲಂಗ ಬಿಚ್ಚದೆ ಗೊನೆ ಕಡಿಸಿದೆ, ಹೆಗಲ ಮೇಲೆ ಹೊರುವಾಗಲೂ ಉಜ್ಜಬಾರದು ಎಂದು. ನೆಲಕ್ಕಿಟ್ಟವನಿಗೆ ಬೈದೆ. ನೋಡಲು ಊರೇ ನೆರೆದಿತ್ತು. ಮುದನಾಳದಿಂದ ಇಬ್ಬರು ರೈತರು ಬಂದು ಹಜರಾಬೀಗೆ ಸಾವಿರ ಲಂಗಕ್ಕೆ ಹೇಳಿ ಹೋದರು. ಬಾಳೆಗೋ ಮನೆಯವರಿಗೋ ಎಂದು ಅವಳು ಕೇಳಿದಳು. ರೋಜಾದ ಬಾಯಾರಿಕೆಯಲ್ಲೂ ಅವಳ ನಾಲಿಗೆ ಒಣಗುವುದಿಲ್ಲ.

ಸಂಜೆ ನೀರಿನ ಟಾಕಿಯ ಹೆಂಗಸರು, ಸೀರೆ ಎಲ್ಲಿ ಅಂದರು. ಬರುವ ವರ್ಷ ಬಾಳೆಗೆ, ಈ ವರ್ಷ ನನಗೆ ಅಂದೆ.

ಮೇ 23, ಬುಧವಾರ

ಗೊನೆ ಕಡಿದ ಪ್ರತಿ ಗಿಡದ ಬುಡದಲ್ಲಿ ನಾಲ್ಕೈದು ಮರಿಗಳೆದ್ದಿವೆ. ಒಂದನ್ನು ಉಳಿಸಿ ಮಿಕ್ಕವನ್ನು ಕಡಿಯಬೇಕು, ಅದೇ ಬರುವ ವರ್ಷದ ಗಿಡ. ತಪ್ಪು ಮರಿ ಉಳಿಸಿದರೆ ವರ್ಷವೇ ಹೋಯಿತು. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋದರೆ ಭಾವ ಆಗಲೇ ಕುಡುಗೋಲು ಹಿಡಿದು ಬದುವಿನ ಮೇಲೆ ಕೂತಿದ್ದರು.

ನಾನು ಮುಂದೆ ನಡೆದೆ, ಅವರು ಹಿಂದೆ. ಪ್ರತಿ ಬುಡದ ಹತ್ತಿರ, ಇದಾ, ಎಂದು ಕೇಳುತ್ತಿದ್ದರು. ಅಗಲ ಎಲೆಯದು ಬೇಡ, ಕತ್ತಿಯಂತೆ ಸಣ್ಣ ಎಲೆ ಬಿಟ್ಟದ್ದು, ತಾಯಿ ಬುಡಕ್ಕೆ ಅಂಟಿದ್ದು ಇರಲಿ ಎಂದು ಬೆರಳು ತೋರಿಸುತ್ತಿದ್ದೆ. ಅವರು ಬಗ್ಗಿ ಮಿಕ್ಕವನ್ನು ಕಡಿಯುತ್ತಿದ್ದರು. ಎರಡು ಕಡೆ ಅವಸರದಲ್ಲಿ ಒಳ್ಳೆಯ ಮರಿಯನ್ನೇ ಕಡಿದರು, ಹೇಳಬೇಕಾಯಿತು. ಮಧ್ಯಾಹ್ನದೊಳಗೆ ಆರು ಸಾಲು ಮುಗಿದವು. ಬುತ್ತಿ ಬಿಚ್ಚಿ ಅವರಿಗೆ ರೊಟ್ಟಿ ಹಾಕಿ ನಾನೂ ಉಂಡೆ. ಶೇಂಗಾ ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು.

ಕೈ ತೊಳೆದ ಮೇಲೆ ಭಾವ ಪಕ್ಕದ ಭತ್ತದ ಗದ್ದೆಯ ಕಡೆ ನೋಡುತ್ತ ಕೂತರು. ಕಟಾವಾಗಿ ಕೂಳೆ ಮಾತ್ರ ಉಳಿದಿತ್ತು.

“ಕಲ್ಯಾಣಮ್ಮ, ಅದು ಎರಡೆಕರೆ ಅದ. ಅದಕ್ಕೂ ಬಾಳಿ ಹಚ್ಚಿದ್ರ ಹ್ಯಾಂಗ?”

ಒಂದೆಕರೆಗೆ ಹಚ್ಚೋಣ, ಇನ್ನೊಂದೆಕರೆ ಮನೆಯ ಅಕ್ಕಿಗಿರಲಿ, ಜುಲೈಯಲ್ಲಿ ಕಾಲುವೆಗೆ ನೀರು ಬಿಡುವುದರೊಳಗೆ ಗುಂಡಿ ತೋಡಿಸಬೇಕು ಅಂದೆ. ನಾಳೆ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋಗಿ ಸಸಿ ಆರಿಸಿ ಬರಬೇಕು. ಭಾವನೂ ಬರುತ್ತಾರಂತೆ. ಯಾವ ಸಸಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅವರಿಗೆ ತಿಳಿಯುವುದಿಲ್ಲ. ಕಲಿಯಲಿ.